ಬತ್ತಿದ ಬೋರಿನ ಉಸಿರು

ಬತ್ತಿಹೋದ ಬೋರಿನಿಂದ ತಂಪು ಗಾಳಿ ಬರುತ್ತದೆ ಎಂಬುದನ್ನು ಮೊದಲು ಕಂಡುಕೊಂಡವರು ಚಿಕ್ಕಬೀರಪ್ಪ. ಆವತಿಯ ಬೆಟ್ಟದ ಕೆಳಗೆ ಅವರ ಮನೆಯವರದ್ದು ಮೂರು ಎಕರೆ ಹಿಪ್ಪುನೇರಳೆ ತೋಟ. ತೋಟದ ಮೂಲೆಯ ಆ ಬೋರನ್ನು ಸಾವಿರದ ಇನ್ನೂರು ಅಡಿ ಕೊರೆಸಿದ್ದರು. ಕೆಲವು ವರ್ಷ ಚೆನ್ನಾಗಿಯೇ ನೀರು ಕೊಟ್ಟಿತು, ಆಮೇಲೆ ಕೆಸರು ಕಾರಿತು, ಕೊನೆಗೆ ಅದೂ ನಿಂತುಹೋಯಿತು. ಮೋಟಾರು ಎತ್ತಿಸಿ, ಕಬ್ಬಿಣದ ಪೈಪಿನ ಬಾಯಿಗೆ ಒಂದು ಚಪ್ಪಡಿ ಕಲ್ಲು ಎಳೆದು ಬಿಟ್ಟಿದ್ದರು. ಈಗ ತೋಟಕ್ಕೆಲ್ಲ ನೀರು ಬರುವುದು ರಸ್ತೆ ಪಕ್ಕದ ಇನ್ನೊಂದು ಬೋರಿನಿಂದ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಚಿಕ್ಕಬೀರಪ್ಪ ಆ ಚಪ್ಪಡಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಕಾಲಿಗೆ ಯಾರೋ ಬೀಸಣಿಗೆ ಬೀಸಿದ ಹಾಗಾಯಿತು. ಬಗ್ಗಿ ನೋಡಿದರು. ಕಲ್ಲಿಗೂ ಪೈಪಿಗೂ ನಡುವಿನ ಸಂದಿಯಿಂದ ಗಾಳಿ ಬರುತ್ತಿತ್ತು. ಸೊಪ್ಪು ಕುಯ್ಯುತ್ತಿದ್ದ ತಮ್ಮನ ಹೆಂಡತಿ ಶಶಿರೇಖಾಳನ್ನು ಕೂಗಿದರು.

“ಶಶಮ್ಮಾ, ಬಾ ಇಲ್ಲಿ. ಕೈ ಹಿಡ್ದು ನೋಡು.”

ಶಶಿರೇಖಾ ಕೈ ಹಿಡಿದಳು. “ಅಯ್ಯೋ ಭಾವ, ಫ್ರಿಜ್ಜಿನ ಬಾಗಿಲು ತೆಗ್ದಂಗಿದೆ!”

ಆ ಮನೆಯಲ್ಲಿ ರೇಷ್ಮೆ ಹುಳು ಸಾಕುವ ಕೆಲಸದ ಜವಾಬ್ದಾರಿಯೆಲ್ಲ ಶಶಿರೇಖಾಳದ್ದೇ. ಗಂಡ ಕೆಂಪರಾಜು ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಾನೆ, ಬೆಳಕಿರುವಾಗ ಮನೆಯಲ್ಲಿ ಸಿಗುವುದು ಅಪರೂಪ. ಭಾವ ಚಿಕ್ಕಬೀರಪ್ಪನವರಿಗೆ ಅರವತ್ತರ ಮೇಲೆ ವಯಸ್ಸು, ಮದುವೆಯಾಗಲಿಲ್ಲ, ತೋಟವೇ ಅವರ ಸಂಸಾರ. ಬೇಸಿಗೆಯಲ್ಲಿ ಶಶಿರೇಖಾಳಿಗೆ ಒಂದೇ ಚಿಂತೆ. ಬೆಳಿಗ್ಗೆ ಕುಯ್ದ ಸೊಪ್ಪು ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ, ಬಾಡಿದ ಸೊಪ್ಪನ್ನು ಹುಳು ಮೂಸಿಯೂ ನೋಡುವುದಿಲ್ಲ. ಬೋರಿನ ಗಾಳಿ ಕೈಗೆ ತಾಕಿದ ಕೂಡಲೇ ಅವಳ ತಲೆಯಲ್ಲಿ ಒಂದು ಯೋಚನೆ ಹೊಳೆಯಿತು. ಕರೆಂಟಿಲ್ಲದೆ ಬರುವ ತಂಪು, ಅದನ್ನು ಯಾಕೆ ಬಿಡಬೇಕು?

ಪೈಪಿನ ಸುತ್ತ ಎದೆಯುದ್ದ ನೆಲ ಅಗೆಸಿದರು. ಸುತ್ತ ಸೈಜುಗಲ್ಲು ಕಟ್ಟಿ, ಮೇಲೆ ಶೀಟು ಹೊದಿಸಿ, ಇಳಿಯಲು ಮೆಟ್ಟಿಲು ಮಾಡಿ, ಒಂದು ಹಳೆಯ ಬಾಗಿಲು ಕೂರಿಸಿದರು. ಅರ್ಧ ನೆಲದೊಳಗೆ, ಅರ್ಧ ಹೊರಗೆ ಇರುವ ಪುಟ್ಟ ಕೋಣೆ. ಬೆಳಿಗ್ಗೆ ಸೊಪ್ಪು ಇಳಿಸಿ ಒದ್ದೆ ಗೋಣಿ ಹೊದಿಸಿದರೆ ಸಂಜೆವರೆಗೂ ಆಗಷ್ಟೇ ಕುಯ್ದ ಹಾಗೆ ಇರುತ್ತಿತ್ತು. ಪಕ್ಕದ ದ್ರಾಕ್ಷಿ ತೋಟದ ಆವಲಪ್ಪ ಬಂದು ನೋಡಿ, “ಎಸಿ ರೂಮು ಮಾಡ್ಬಿಟ್ರಲ್ಲಪ್ಪಾ,” ಎಂದು ನಕ್ಕಿದ್ದ.

ನಗದೆ ಇದ್ದದ್ದು ಅತ್ತೆ ಅಮ್ಮಯಮ್ಮ ಒಬ್ಬರೇ. “ಭೂಮಿತಾಯಿ ನಿಟ್ಟುಸಿರು ಬಿಡ್ತಾ ಅವ್ಳೆ. ಅದನ್ನ ಕೋಣೆಯೊಳಗೆ ಕೂಡಿ ಹಾಕ್ತೀರಲ್ಲ,” ಎಂದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಏಪ್ರಿಲ್‌ನಲ್ಲಿ ಹುಳುಗಳು ನಾಲ್ಕನೇ ಜ್ವರ ಎದ್ದವು. ಜ್ವರ ಎಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಎದ್ದ ಮೇಲೆ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಬಿಸಿಲೂ ಅಷ್ಟೇ ಏರಿತ್ತು. ಇನ್ನೂ ತಂಪು ಬೇಕೆಂದು ಚಿಕ್ಕಬೀರಪ್ಪ ಒಂದು ದಿನ ಪೈಪಿನ ಬಾಯಿಯ ಚಪ್ಪಡಿಯನ್ನು ಪೂರ್ತಿ ಪಕ್ಕಕ್ಕೆ ಸರಿಸಿ, ತಂಪು ಹೊರಗೆ ಹೋಗದಿರಲೆಂದು ಬಾಗಿಲು ಎಳೆದು ಬಂದರು. ಊಟವಾದ ಮೇಲೆ, ಮೂರು ಗಂಟೆಯ ಹೊತ್ತಿಗೆ, ಸೊಪ್ಪು ತರುತ್ತೇನೆಂದು ಇಳಿದವರು ಬರಲೇ ಇಲ್ಲ.

ಶಶಿರೇಖಾ ಹುಳುಮನೆಯಿಂದ ಎರಡು ಸಲ ಕೂಗಿ, ಉತ್ತರ ಬಾರದಾಗ ಹೋಗಿ ಬಾಗಿಲು ತಳ್ಳಿದಳು. ಭಾವ ಸೊಪ್ಪಿನ ರಾಶಿಯ ಪಕ್ಕ ಗೋಡೆಗೊರಗಿ, ತಲೆ ಎದೆಗೆ ಬಿದ್ದಂತೆ ಕೂತಿದ್ದರು. ನಿದ್ದೆ ಎಂದುಕೊಂಡು ಮೆಟ್ಟಿಲಿಳಿದು ಭುಜ ಅಲುಗಾಡಿಸಿದಳು. ಅವರು ಪಕ್ಕಕ್ಕೆ ವಾಲಿದರು. ಅವಳಿಗೂ ಕಾಲು ಕುಸಿದವು, ಎದೆ ಬಿಗಿಯಿತು, ಎಷ್ಟು ಎಳೆದರೂ ಉಸಿರು ಸಾಲದು. ಹೇಗೋ ಮೆಟ್ಟಿಲು ತೆವಳಿಕೊಂಡು ಹೊರಗೆ ಬಂದು ಬಿದ್ದಳು. ಬಾಯಿ ತುಂಬ ಗಾಳಿ ಸಿಕ್ಕ ಮೇಲೆ ಚೀರಿದಳು.

“ಆವಲಪ್ಪಣ್ಣಾ! ಓಡ್ಬಾ!”

ಆವಲಪ್ಪ ಬೇಲಿ ದಾಟಿ ಬರುವಷ್ಟರಲ್ಲಿ ಅವಳು ಹಗ್ಗ ಹಿಡಿದು ನಿಂತಿದ್ದಳು. ಅವನು ಒಳಗೆ ನುಗ್ಗಲು ಹೋದ.

“ಬೇಡ, ನೀನು ಮೇಲಿರು. ಒಳಗೆ ಉಸಿರು ಸಿಗಲ್ಲ. ನಾನು ದಮ್ ಕಟ್ಕೊಂಡು ಹೋಗ್ತೀನಿ, ಹಗ್ಗ ಎಳಿ.”

ಚಿಕ್ಕಂದಿನಲ್ಲಿ ತೌರೂರಿನ ಬಾವಿಯಲ್ಲಿ ತಳಕ್ಕೆ ಮುಳುಗಿ ಕಲ್ಲು ಎತ್ತಿ ತರುವ ಆಟ ಆಡುತ್ತಿದ್ದವಳು. ಅದೇ ರೀತಿ ಎದೆ ತುಂಬ ಗಾಳಿ ಎಳೆದು, ತುಟಿ ಬಿಗಿಹಿಡಿದು ಇಳಿದಳು. ಭಾವನ ಕಂಕುಳ ಕೆಳಗೆ ಹಗ್ಗ ಸುತ್ತಿ ಗಂಟು ಹಾಕಿ ಮೇಲೆ ಬಂದಳು. ಇಬ್ಬರೂ ಸೇರಿ ಎಳೆದರು. ಬೇವಿನ ಮರದ ನೆರಳಲ್ಲಿ ಮಲಗಿಸಿ ನೀರು ಚಿಮುಕಿಸಿದಾಗ ಚಿಕ್ಕಬೀರಪ್ಪ ಗೊರಕೆಯಂಥ ಶಬ್ದ ಮಾಡಿ ಕಣ್ಣು ಬಿಟ್ಟರು. “ಸೊಪ್ಪು ಬಾಡುತ್ತೆ, ಬಾಗಿಲು ಮುಚ್ಚಿ,” ಅವರು ಆಡಿದ ಮೊದಲ ಮಾತು ಅದು.

ದೇವನಹಳ್ಳಿಯ ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡರು. ಬಿಪಿ, ಶುಗರು, ಇಸಿಜಿ ಎಲ್ಲ ಸರಿ ಇತ್ತು. ಬಿಸಿಲಿಗೆ ತಲೆ ಸುತ್ತಿರಬಹುದು ಎಂದು ಕಳಿಸಿದರು.

ಚಿಕ್ಕಬೀರಪ್ಪ ಬಿದ್ದ ದಿನದ ಸಂಜೆಯೇ ಆವಲಪ್ಪ ಊರಿನ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಕೋಣೆ ಪರೀಕ್ಷೆ ಮಾಡಿದ್ದ. ಅವನಿಗೂ ಅದು ವಿಷದ ಗಾಳಿಯೇ ಎಂಬ ಅನುಮಾನ. ಬಾಗಿಲಲ್ಲಿ ನಿಂತು ಮೇಣದಬತ್ತಿ ಹಚ್ಚಿ ಬಕೆಟ್ಟಿನಲ್ಲಿಟ್ಟು ಹಗ್ಗದಿಂದ ಒಳಗಿಳಿಸಿದ. ದೀಪ ಚೆನ್ನಾಗಿ ಉರಿಯಿತು. ನೆಲಕ್ಕೆ ಮುಟ್ಟಿದರೂ ಉರಿಯಿತು. ಕೊನೆಗೆ ಒಬ್ಬ ಇಳಿದು, ಕೂತು, ಒಂದು ಬೀಡಿ ಸೇದಿ ಎದ್ದು ಬಂದ.

ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಗಾಳಿಯಲ್ಲಿ ಏನೂ ಇಲ್ಲ ಎಂದಮೇಲೆ ಮನುಷ್ಯನಲ್ಲೇ ಏನೋ ಇರಬೇಕು. ಮೂರ್ಛೆ ರೋಗ ಎಂದರು ಒಬ್ಬರು. ಹೋಟೆಲಿನ ಬೆಂಚಿನ ಮೇಲೆ ಇನ್ನೊಬ್ಬರು, “ಮಧ್ಯಾಹ್ನದ ಹೊತ್ತು, ತಂಪಾದ ಜಾಗ, ಒಬ್ಬನೇ ಬೇರೆ. ಒಂದು ಕ್ವಾರ್ಟರ್ ಹಾಕಿರ್ತಾನೆ ಬಿಡು,” ಎಂದರು. ಜೀವನದಲ್ಲಿ ಹೆಂಡ ಮುಟ್ಟದ ಚಿಕ್ಕಬೀರಪ್ಪನವರ ಕಿವಿಗೆ ಆ ಮಾತು ಬಿತ್ತು. ಎರಡು ದಿನ ಹೋಟೆಲಿನ ಕಡೆಗೇ ಹೋಗಲಿಲ್ಲ. ಮೂರನೆಯ ದಿನ ಊಟದ ತಟ್ಟೆಯ ಮುಂದೆ ಹೇಳಿದರು.

“ನಾಳೆ ಮಧ್ಯಾಹ್ನ ಎಲ್ಲಾರ್ನೂ ಕರೀತೀನಿ. ಅವರ ಎದುರಿಗೇ ಆ ಕೋಣೇಲಿ ಹೋಗಿ ಕೂತ್ಕೋತೀನಿ. ನಂಗೇನೂ ರೋಗ ಇಲ್ಲ ಅಂತ ಗೊತ್ತಾಗ್ಲಿ.”

ಶಶಿರೇಖಾಳ ಕೈಯ ತುತ್ತು ಹಾಗೇ ನಿಂತಿತು. ಆ ಕೋಣೆಯಲ್ಲಿ ತನ್ನ ಎದೆ ಬಿಗಿದದ್ದು ಅವಳಿಗೆ ಗೊತ್ತು. ಆದರೆ ಸಂಜೆ ದೀಪ ಉರಿದದ್ದೂ ಸುಳ್ಳಲ್ಲ. ಎರಡೂ ನಿಜ ಎಂದರೆ ಹೇಗೆ? ಊಟ ಮುಗಿಸಿ ಹೋಗಿ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ತಾಳಿಯ ಸರಕ್ಕೆ ಪೋಣಿಸಿಕೊಂಡಳು. ಬಂದು ಭಾವನ ಎದುರು ಕೂತಳು.

“ಭಾವ, ಒಂದು ಹೇಳಿ. ನೀವು ಅಲ್ಲಿ ತುಂಬಾ ಹೊತ್ತು ಕೂತಿದ್ದೀರ. ಆ ತಂಪು ಗಾಳಿ ದಿನಾಪೂರ್ತಿ ಬರುತ್ತಾ?”

ಚಿಕ್ಕಬೀರಪ್ಪ ಯೋಚಿಸಿದರು. “ಇಲ್ಲ ಕಣಮ್ಮ. ಬೆಳಿಗ್ಗೆ ಸೊಪ್ಪು ಇಳಿಸುವಾಗ ಬರಲ್ಲ. ತಿಂಡಿ ಆದ್ಮೇಲೆ ಶುರುವಾಗುತ್ತೆ. ಸಂಜೆ ಮತ್ತೆ ಇರಲ್ಲ.”

“ಸಂಜೆ ಇರಲ್ಲ,” ಎಂದಳು ಶಶಿರೇಖಾ. “ಆವಲಪ್ಪಣ್ಣ ದೀಪ ಬಿಟ್ಟಿದ್ದು ಸಂಜೆ.”

ಅವಳು ತಂಜೀಲಾಗೆ ಫೋನು ಮಾಡಿದಳು. ಹೈಸ್ಕೂಲಿನಲ್ಲಿ ಇಬ್ಬರದೂ ಒಂದೇ ಬೆಂಚು. ಶಶಿರೇಖಾ ಹತ್ತನೇ ಕ್ಲಾಸಿಗೆ ನಿಲ್ಲಿಸಿದಳು, ತಂಜೀಲಾ ಓದಿ ಈಗ ದೇವನಹಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಾಳೆ. ಬೇಸಿಗೆ ರಜೆ ಇತ್ತು. ಮಾರನೆಯ ದಿನ ಸ್ಕೂಟರಿನಲ್ಲಿ ಬಂದಿಳಿದಳು, ದುಪಟ್ಟಾ ತಲೆಗೆ ಬಿಗಿಯಾಗಿ ಸುತ್ತಿಕೊಂಡು.

“ಏನೇ ಇದು, ಬೋರು ಉಸಿರಾಡುತ್ತಾ? ನಾನು ಓದಿದ್ದರಲ್ಲಿ ಇದೆಲ್ಲೂ ಇಲ್ಲ ಕಣೇ,” ಎಂದಳು. ಹೇಳುವಾಗ ಅವಳ ಮುಖ ಹಬ್ಬದ ದಿನದ ಹಾಗೆ ಅರಳಿತ್ತು.

ಮೊದಲು ಬಾಗಿಲ ಹೊರಗೇ ನಿಂತು ಮೇಣದಬತ್ತಿಯ ಬಕೆಟ್ಟು ಇಳಿಸಿದರು. ಗಂಟೆ ಎರಡು. ಬಕೆಟ್ಟು ಸೊಂಟದ ಮಟ್ಟಕ್ಕೆ ಇಳಿದಾಗ ಜ್ವಾಲೆ ಉದ್ದವಾಯಿತು, ಮೊಣಕಾಲ ಮಟ್ಟಕ್ಕೆ ಬಂದದ್ದೇ ತಡ ಯಾರೋ ಬೆರಳಲ್ಲಿ ಚಿವುಟಿದ ಹಾಗೆ ಆರಿತು. ಮತ್ತೆ ಹಚ್ಚಿ ಇಳಿಸಿದರು, ಮತ್ತೆ ಅಲ್ಲಿಗೇ ಆರಿತು.

“ಗಾಳಿ ಅಲ್ಲಿ ನೀರಿನ ಹಾಗೆ ನಿಂತಿದೆ,” ಎಂದಳು ತಂಜೀಲಾ ಮೆಲ್ಲಗೆ. “ಗಾಳಿಗೂ ತೂಕ ಇದೆ. ಎಲ್ಲ ಗಾಳಿಗೂ ಒಂದೇ ತೂಕ ಅಲ್ಲ. ಇಂಗಾಲದ ಡೈಆಕ್ಸೈಡ್ ನಾವು ಉಸಿರಾಡೋ ಗಾಳಿಗಿಂತ ಒಂದೂವರೆ ಪಟ್ಟು ಭಾರ. ತಣ್ಣಗಿರೋ ಗಾಳೀನೂ ಬಿಸಿ ಗಾಳಿಗಿಂತ ಭಾರ. ಭೂಮಿಯೊಳಗೆ ಬಹಳ ಕಾಲ ಇದ್ದು, ಆಮ್ಲಜನಕ ಕಳ್ಕೊಂಡು, ಇಂಗಾಲದ ಡೈಆಕ್ಸೈಡ್ ತುಂಬ್ಕೊಂಡು ಬಂದ ಗಾಳಿ ಇದು. ನೀವು ಗುಂಡಿ ತೋಡಿ ಅದಕ್ಕೆ ತೊಟ್ಟಿ ಮಾಡಿ ಕೊಟ್ಟಿದ್ದೀರ.”

ಶಶಿರೇಖಾ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಕೋಣೆ ಕಟ್ಟುವ ಯೋಚನೆ ತನ್ನದೇ ಆಗಿತ್ತು. ಆದರೆ ಹೆದರಿಕೆಗಿಂತ ಮುಂದೆ ಇನ್ನೊಂದು ಪ್ರಶ್ನೆ ನುಗ್ಗಿ ಬಂತು. “ಅದು ಸರಿ. ಸಂಜೆ ಎಲ್ಲಿಗೆ ಹೋಗುತ್ತೆ ಇದು?”

ಬಾಗಿಲು ತೆರೆದಿಟ್ಟು, ಹುಳುಮನೆಯ ಟೇಬಲ್ ಫ್ಯಾನನ್ನು ತಂದು ಗಂಟೆಗಟ್ಟಲೆ ಹೊರಗಿನ ಗಾಳಿ ಹೊಡೆಸಿದರು. ಶೀಟುಗಳನ್ನು ಕೆಂಪರಾಜು ಬಂದು ಬಿಚ್ಚಿದ. ಮೇಲೆ ಪೂರ್ತಿ ಬಯಲಾಗಿ, ದೀಪ ನೆಲದವರೆಗೆ ಉರಿದ ಮೇಲೆಯೇ ಅವನು ಇಳಿದು ಪೈಪಿನ ಬಾಯಿಗೆ ಇನ್ನೊಂದು ಉದ್ದದ ಪ್ಲಾಸ್ಟಿಕ್ ಪೈಪು ಜೋಡಿಸಿ, ಬಾಯಿಯನ್ನು ಗುಂಡಿಯ ಹೊರಗೆ ತಂದ. ಆ ಬಾಯಿಗೆ ಶಶಿರೇಖಾ ಗೊಬ್ಬರದ ಚೀಲದ ಒಳಗಿನ ತೆಳು ಪ್ಲಾಸ್ಟಿಕ್ ಕವರನ್ನು ರಬ್ಬರು ಸುತ್ತಿ ಕಟ್ಟಿದಳು.

ಸಂಜೆ ಆರರ ಹೊತ್ತಿಗೆ ಕವರು ಪೈಪಿನೊಳಗೆ ಹೀರಿಕೊಂಡು ಹೋಗಿತ್ತು, ಮಗು ಹಾಲು ಕುಡಿಯುವಾಗ ಕೆನ್ನೆ ಒಳಗೆ ಹೋಗುವಂತೆ. ಮಾರನೆಯ ದಿನ ಮಧ್ಯಾಹ್ನ ನೋಡಿದರೆ ಅದೇ ಕವರು ಗುಂಡಗೆ ಉಬ್ಬಿ ಬಿಗಿದು ನಿಂತಿತ್ತು.

“ಮಧ್ಯಾಹ್ನ ಬಿಡುತ್ತೆ, ಸಂಜೆ ಎಳ್ಕೊಳುತ್ತೆ,” ಎಂದರು ಚಿಕ್ಕಬೀರಪ್ಪ. ಅಷ್ಟು ದಿನದಿಂದ ಗಂಟು ಹಾಕಿಕೊಂಡಿದ್ದ ಅವರ ಹುಬ್ಬು ಮೊದಲ ಸಲ ಸಡಿಲವಾಗಿತ್ತು. ಸ್ಟೂಲು ತಂದು ಕವರಿನ ಎದುರಿಗೇ ಹಾಕಿಕೊಂಡು ಕೂತರು.

ತಂಜೀಲಾಳ ಮೊದಲ ಊಹೆ ಬಿಸಿಯ ಮೇಲಿತ್ತು. ಬಿಸಿಯಾದರೆ ಗಾಳಿ ಹಿಗ್ಗುತ್ತದೆ, ಮಧ್ಯಾಹ್ನ ಹಿಗ್ಗಿ ಹೊರಗೆ ಬರುತ್ತಿರಬೇಕು. ಹುಳುಮನೆಯಲ್ಲಿ ತೂಗುಹಾಕಿದ್ದ ಥರ್ಮಾಮೀಟರನ್ನು ಶಶಿರೇಖಾ ಬಿಚ್ಚಿ ತಂದಳು. ಹೊರಗೆ ಮೂವತ್ತೈದು ಡಿಗ್ರಿ. ಉದ್ದ ದಾರ ಕಟ್ಟಿ ಬೋರಿನೊಳಗೆ ಇಳಿಬಿಟ್ಟು, ಬಹಳ ಹೊತ್ತು ಬಿಟ್ಟು ಸರಕ್ಕನೆ ಎಳೆದು ನೋಡಿದರೆ ಇಪ್ಪತ್ತಾರು. ಸಂಜೆಯೂ ಇಪ್ಪತ್ತಾರು. ಬೆಳಗಿನ ತಂಪು ಹೊತ್ತಿನಲ್ಲೂ ಇಪ್ಪತ್ತಾರೇ.

“ಒಳಗೆ ಬಿಸಿಲೂ ಇಲ್ಲ, ಚಳೀನೂ ಇಲ್ಲ,” ಎಂದಳು ಶಶಿರೇಖಾ. “ಹಿಗ್ಗೋಕೆ ಕಾರಣವೇ ಇಲ್ಲವಲ್ಲೇ.”

“ಹೌದು. ನಾನು ಹೇಳಿದ್ದು ತಪ್ಪು.” ತಂಜೀಲಾ ಕಲ್ಲಿನ ಮೇಲೆ ಕೂತು ಕಡ್ಡಿಯಿಂದ ಮಣ್ಣು ಕೆದಕತೊಡಗಿದಳು. ಅಮ್ಮಯಮ್ಮ ತಂದುಕೊಟ್ಟ ಮಜ್ಜಿಗೆ ಅವಳ ಪಕ್ಕದಲ್ಲೇ ಬಿಸಿಯಾಯಿತು. ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತಿ, “ನಮ್ಮ ಲ್ಯಾಬಲ್ಲಿ ಪಾದರಸದ ಬಾರೋಮೀಟರ್ ಇದೆ,” ಎಂದಳು. “ಗಾಳಿಯ ಒತ್ತಡ ಅಳೆಯೋದು. ನಮ್ಮ ತಲೆ ಮೇಲಿನ ಗಾಳಿಯೆಲ್ಲ ಸೇರಿ ಎಷ್ಟು ಭಾರ ಹೇರುತ್ತೋ ಅಷ್ಟಕ್ಕೆ ತಕ್ಕ ಹಾಗೆ ಗಾಜಿನ ಕೊಳವೇಲಿ ಪಾದರಸ ಏರಿ ನಿಲ್ಲುತ್ತೆ. ಪುಸ್ತಕದಲ್ಲಿ ಎಪ್ಪತ್ತಾರು ಸೆಂಟಿಮೀಟರ್ ಅಂತಿರುತ್ತೆ. ನಮ್ಮಲ್ಲಿ ಅರವತ್ತೆಂಟು ಚಿಲ್ಲರೆ.”

“ಯಾಕೆ, ನಮ್ಮದು ಕೆಟ್ಟಿದೆಯಾ?”

“ಕೆಟ್ಟಿಲ್ಲ. ಪುಸ್ತಕದ್ದು ಸಮುದ್ರದ ಮಟ್ಟದ ಲೆಕ್ಕ. ನಾವು ಅದಕ್ಕಿಂತ ಮೂರು ಸಾವಿರ ಅಡಿ ಮೇಲಿದ್ದೀವಿ. ಅಷ್ಟು ಗಾಳಿ ನಮ್ಮ ಕಾಲ ಕೆಳಗೇ ಉಳ್ಕೊಂಡಿದೆ, ತಲೆ ಮೇಲಿಲ್ಲ. ಅದಲ್ಲ ನಾನು ಹೇಳ್ತಿರೋದು. ಬೆಳಗಿನ ಬ್ಯಾಚಿನ ಹುಡುಗರಿಗಿಂತ ಮಧ್ಯಾಹ್ನದ ಬ್ಯಾಚಿನವರು ಯಾವಾಗಲೂ ಒಂದು ಚೂರು ಕಡಿಮೆ ಬರೀತಾರೆ. ಕೂದಲೆಳೆಯಷ್ಟು. ನೋಡೋದರಲ್ಲಿ ಹೆಚ್ಚು ಕಡಿಮೆ ಆಗಿರುತ್ತೆ ಅಂದ್ಕೊಂಡಿದ್ದೆ. ಪ್ರತಿ ವರ್ಷ ಹೇಗೆ ಕಡಿಮೇನೇ ಆಗುತ್ತೆ?”

ಅವಳ ಫೋನಿನಲ್ಲಿ ಗಾಳಿಯ ಒತ್ತಡ ತಿಳಿಯುವ ಒಂದು ಪುಟ್ಟ ಸಾಧನ ಇತ್ತು. ಎಲ್ಲ ಫೋನಿನಲ್ಲೂ ಇರುವುದಿಲ್ಲವಂತೆ. ಫೋನನ್ನು ಪೈಪಿನ ಪಕ್ಕ ಕಲ್ಲಿನ ಮೇಲಿಟ್ಟಳು. ಸೆಂಟಿಮೀಟರಿನ ಬದಲು ಮಿಲಿಬಾರಿನ ಲೆಕ್ಕದಲ್ಲಿ ಒಂಬೈನೂರ ಹತ್ತರ ಆಸುಪಾಸಿನ ಒಂದು ಅಂಕಿ ಕಂಡಿತು.

ಮಾರನೆಯ ದಿನ ತಂಜೀಲಾ ಬೆಳಗಿನ ತಿಂಡಿಗೇ ಬಂದಳು. ಶಶಿರೇಖಾ ಹುಳುಗಳಿಗೆ ಸೊಪ್ಪು ಹಾಕಿ ಓಡಿ ಬಂದಳು. ಚಿಕ್ಕಬೀರಪ್ಪ ಆಗಲೇ ಸ್ಟೂಲಿನ ಮೇಲಿದ್ದರು. ಕವರು ಪೈಪಿನೊಳಗೆ ಹೀರಿಕೊಂಡಿತ್ತು, ಫೋನಿನ ಅಂಕಿ ನಿಧಾನವಾಗಿ ಏರುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಒಂಬೈನೂರ ಹದಿನಾಲ್ಕು ಮುಟ್ಟಿ ಅಲ್ಲೇ ನಿಂತಿತು. ಕವರು ಸಡಿಲವಾಗಿ, ಒಳಗೂ ಇಲ್ಲ ಹೊರಗೂ ಇಲ್ಲ ಎಂಬಂತೆ ಜೋತುಬಿತ್ತು. ಆಮೇಲೆ ಅಂಕಿ ಇಳಿಯತೊಡಗಿತು, ಒಂದು ಕೂದಲೆಳೆ, ಇನ್ನೊಂದು ಕೂದಲೆಳೆ. ಕವರಿನ ಒಂದು ಮಡಿಕೆ ಬಿಚ್ಚಿಕೊಂಡಿತು, ಇನ್ನೊಂದು ಮಡಿಕೆ ಬಿಚ್ಚಿಕೊಂಡಿತು.

“ಹಿಡ್ಕೊಳ್ಳೇ ನನ್ನ,” ಎಂದು ತಂಜೀಲಾ ಶಶಿರೇಖಾಳ ತೋಳು ಹಿಡಿದು ಕುಣಿದೇಬಿಟ್ಟಳು. “ಅದೇ ಕಣೇ, ಅದೇ! ಹೊರಗಿನ ಗಾಳಿ ಭಾರ ಕಡಿಮೆ ಆದರೆ ಒಳಗಿನ ಗಾಳಿ ಹೊರಗೆ ತಳ್ಳುತ್ತೆ. ಹೊರಗಿನ ಭಾರ ಜಾಸ್ತಿ ಆದರೆ ಒಳಗೆ ನುಗ್ಗುತ್ತೆ. ಸೂರ್ಯನ ಬಿಸಿಗೆ ಭೂಮಿ ಸುತ್ತಿನ ಗಾಳಿಯೆಲ್ಲ ಸಮುದ್ರದ ನೀರಿನ ಹಾಗೆ ದಿನಕ್ಕೆ ಎರಡು ಸಲ ಏರಿ ಇಳಿಯುತ್ತೆ. ಓದಿದ್ದೆ, ಕಂಡಿರಲಿಲ್ಲ.”

ನಾಲ್ಕು ಗಂಟೆಯವರೆಗೂ ಅಂಕಿ ಇಳಿದು ಒಂಬೈನೂರ ಹತ್ತಕ್ಕೆ ಬಂತು. ಅಲ್ಲಿಯವರೆಗೂ ಬೋರು ಗಾಳಿ ಬಿಡುತ್ತಲೇ ಇತ್ತು. ಅಲ್ಲಿಂದ ಅಂಕಿ ಮೇಲಕ್ಕೆ ತಿರುಗಿತು, ಬೋರು ಒಳಕ್ಕೆ ಎಳೆಯತೊಡಗಿತು. ಆವಲಪ್ಪನ ದೀಪ ಸಂಜೆ ಯಾಕೆ ಉರಿಯಿತು ಎಂಬುದು ಶಶಿರೇಖಾಳಿಗೆ ಯಾರೂ ಹೇಳದೆ ತಿಳಿಯಿತು. ಕೋಣೆಯ ಕೆಟ್ಟ ಗಾಳಿಯನ್ನು ಅಷ್ಟು ಹೊತ್ತಿಗೆ ಬೋರೇ ನುಂಗಿಕೊಂಡಿತ್ತು. ತೆರೆದ ಬಾಗಿಲಿನಿಂದ ಒಳ್ಳೆಯ ಗಾಳಿ ಬಂದು ತುಂಬಿಕೊಂಡಿತ್ತು.

“ಹಂಗಾದ್ರೆ ನಾನು ಬಿದ್ದಿದ್ದು...” ಎಂದರು ಚಿಕ್ಕಬೀರಪ್ಪ.

“ಬಿಡೋ ಹೊತ್ತಲ್ಲಿ, ಚಪ್ಪಡಿ ಸರಿಸಿ, ಬಾಗಿಲು ಮುಚ್ಚಿದ್ರಿ ಚಿಕ್ಕಪ್ಪ,” ಎಂದಳು ತಂಜೀಲಾ. “ಇನ್ನೊಂದು ಸ್ವಲ್ಪ ಹೊತ್ತಾಗಿದ್ರೆ...”

ಚಿಕ್ಕಬೀರಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ಮಾರನೆಯ ಮಧ್ಯಾಹ್ನ ಹೋಟೆಲಿನ ಬೆಂಚಿನ ಜನರನ್ನೆಲ್ಲ ತೋಟಕ್ಕೆ ಕರೆತಂದರು. ಕೆಂಪರಾಜು ಜೋಡಿಸಿದ್ದ ಪೈಪನ್ನು ಬಾಗಿಸಿ ಅದರ ಬಾಯಿಯನ್ನು ಬೆಳಿಗ್ಗೆಯೇ ಒಂದು ಖಾಲಿ ಡ್ರಮ್ಮಿನೊಳಗೆ ಇಳಿಬಿಟ್ಟಿದ್ದರು. ಗುಂಪು ಸುತ್ತ ನಿಂತಿತು. ಅವರು ಉರಿಯುವ ಮೇಣದಬತ್ತಿಯನ್ನು ತಂತಿಗೆ ಕಟ್ಟಿ ಡ್ರಮ್ಮಿನೊಳಗೆ ಇಳಿಸಿದರು. ಬಾಯಿ ದಾಟಿದ ಕೂಡಲೇ ದೀಪ ಪಕ್ಕನೆ ಆರಿತು. ಹೊಗೆಯ ಎಳೆಯೊಂದು ಮೇಲೆ ಬರಲಾರದೆ ಡ್ರಮ್ಮಿನೊಳಗೇ ಅಡ್ಡಡ್ಡ ತೇಲಿತು.

“ಈ ಮೇಣದಬತ್ತಿ ಏನು ಕುಡ್ದು ಬಂದಿತ್ತೇನ್ರಪ್ಪಾ?” ಎಂದು ಕೇಳಿದರು ಚಿಕ್ಕಬೀರಪ್ಪ.

ಕ್ವಾರ್ಟರಿನ ಮಾತಾಡಿದ್ದವನು ನೆಲ ನೋಡಿದ. ಆವಲಪ್ಪ ಮುಂದೆ ಬಂದು, “ತಪ್ಪಾಯ್ತಣ್ಣ, ನಾನೂ ಸಂಜೆ ಹೊತ್ತು ನೋಡಿ ಮೋಸ ಹೋದೆ,” ಎಂದ. ಆಮೇಲೆ ಎಲ್ಲರೂ ಸರದಿಯ ಮೇಲೆ ತಾವೇ ಬತ್ತಿ ಇಳಿಸಿ ಆರಿಸಿ ನೋಡತೊಡಗಿದರು. ಒಂದು ಪೊಟ್ಟಣ ಬತ್ತಿ ಖಾಲಿಯಾಯಿತು.

ಕೋಣೆಯನ್ನು ಆ ವಾರವೇ ಕೆಡವಿ ಗುಂಡಿ ಮುಚ್ಚಿಸಿದರು. ಕಬ್ಬಿಣದ ಪೈಪನ್ನು ಆಳೆತ್ತರಕ್ಕಿಂತ ಮೇಲಕ್ಕೆ ಏರಿಸಿ, ಕೊಕ್ಕೆಯ ಹಾಗೆ ಬಾಗಿಸಿ, ಬಾಯಿಗೆ ಜಾಲರಿ ಬಿಗಿಸಿದರು. ಸೊಪ್ಪಿಗೆ ಮತ್ತೆ ಒದ್ದೆ ಗೋಣಿಯೇ ಗತಿ. ಆ ಸಲದ ಹುಳುಗಳಲ್ಲಿ ಒಂದಿಷ್ಟು ಸೊರಗಿದರೂ ಉಳಿದವು ಗೂಡು ಕಟ್ಟಿದವು.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಗುಂಡಿ ಮುಚ್ಚುವ ಮೊದಲು ಶಶಿರೇಖಾಗೆ ಇನ್ನೊಂದು ಸಂಗತಿ ತಿಳಿಯಬೇಕಿತ್ತು.

“ಲೇ ತಂಜು, ಇಷ್ಟು ಗಾಳಿ ಬರುತ್ತಲ್ಲ. ಆರಿಂಚಿನ ತೂತಿನಲ್ಲಿ ಇಷ್ಟೊಂದು ಎಲ್ಲಿರುತ್ತೆ? ಒಳಗೆ ಎಷ್ಟು ಜಾಗ ಇರಬೇಕು?”

ತಂಜೀಲಾ ಅವಳನ್ನೇ ನೋಡಿದಳು. “ಅಳೆಯೋಣ,” ಎಂದಳು.

ಇನ್ನೂರು ಲೀಟರಿನ ನೀಲಿ ಡ್ರಮ್ಮಿನೊಳಗೆ ಸರಿಯಾಗಿ ಕೂರುವಂತೆ ಒಂದು ಪ್ಲಾಸ್ಟಿಕ್ ಚೀಲ ಮಾಡಿ, ಅದನ್ನು ಪೈಪಿನ ಬಾಯಿಗೆ ಕಟ್ಟಿ, ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿದರು. ಬೆಳಿಗ್ಗೆ ನಿಧಾನ, ನಡು ಮಧ್ಯಾಹ್ನ ಜೋರು, ನಾಲ್ಕರ ಹೊತ್ತಿಗೆ ಮತ್ತೆ ನಿಧಾನ. ಮತ್ತೆ ಮತ್ತೆ ಹಿಡಿದು ಸರಾಸರಿ ತೆಗೆದರೆ ಅರ್ಧ ನಿಮಿಷಕ್ಕೆ ಒಂದು ಚೀಲ. ಹತ್ತರಿಂದ ನಾಲ್ಕರವರೆಗೆ ಬರುವ ಗಾಳಿಯನ್ನೆಲ್ಲ ಒಟ್ಟು ಮಾಡಿದರೆ ಶಶಿರೇಖಾಳ ಹುಳುಮನೆ, ಮೂವತ್ತಡಿ ಉದ್ದ, ಇಪ್ಪತ್ತಡಿ ಅಗಲದ್ದು, ಹತ್ತಿರ ಹತ್ತಿರ ತುಂಬಿಬಿಡುತ್ತದೆ.

“ಒಂದು ಹುಳುಮನೆ ಅಂತ ಇಟ್ಕೋ,” ಎಂದಳು ತಂಜೀಲಾ. “ಬಿಸಿ ಬದಲಾಗದೆ ಇದ್ರೆ, ಗಾಳಿ ಮೇಲಿನ ಒತ್ತಡ ಎಷ್ಟು ಪಾಲು ಕಡಿಮೆ ಆಗುತ್ತೋ ಅಷ್ಟೇ ಪಾಲು ಅದು ಹಿಗ್ಗುತ್ತೆ. ಇಲ್ಲಿ ಬಿಸಿ ಬದಲಾಗಲ್ಲ, ನಾವೇ ನೋಡಿದ್ದೀವಿ. ಒತ್ತಡ ಒಂಬೈನೂರ ಹದಿನಾಲ್ಕರಲ್ಲಿ ನಾಲ್ಕು ಇಳೀತು. ಅಂದ್ರೆ ಇನ್ನೂರಿಪ್ಪತ್ತು ಚಿಲ್ಲರೆಯಲ್ಲಿ ಒಂದು ಪಾಲು. ಹೊರಗೆ ಬಂದಿದ್ದು ಆ ಒಂದು ಪಾಲು, ಅದೇ ನಿನ್ನ ಒಂದು ಹುಳುಮನೆ. ಹಾಗಾದ್ರೆ ಒಳಗಿರೋದು?”

ಶಶಿರೇಖಾ ಬೆಟ್ಟದ ಕಡೆಯಿಂದ ರಸ್ತೆಯವರೆಗೆ ತೋಟದ ಮೇಲೆ ಕಣ್ಣಾಡಿಸಿದಳು. “ಇನ್ನೂರು ಹುಳುಮನೆ,” ಎಂದಳು.

“ಅಂದಾಜು ಕಣೇ. ಹೆಚ್ಚು ಕಡಿಮೆ ಇರುತ್ತೆ. ಒಂದೇ ಗುಹೆ ಅಂತ ಅಲ್ಲ, ಬಂಡೆಯ ಬಿರುಕು, ಸಂದಿ, ಜಲ್ಲಿ, ಎಲ್ಲಾ ಸೇರಿ ಅಷ್ಟು ಟೊಳ್ಳು.”

ಅಮ್ಮಯಮ್ಮ ಬೇವಿನ ನೆರಳಲ್ಲಿ ಸೊಪ್ಪಿನ ಕಡ್ಡಿ ಬಿಡಿಸುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರ ಕೈ ನಿಂತಿತು.

“ಅಷ್ಟೂ ನೀರಿತ್ತಲ್ಲೇ ಅಲ್ಲಿ,” ಎಂದರು. “ನಾನು ಬಂದಾಗ ಬಾವೀಲಿ ಬಗ್ಗಿ ಬಿಂದಿಗೇಲಿ ಮೊಗೀತಿದ್ವಿ.”

ಶಶಿರೇಖಾ ಕಾಲ ಕೆಳಗಿನ ನೆಲವನ್ನು ನೋಡಿದಳು. ಹದಿನೆಂಟು ವರ್ಷ ಆ ನೆಲದ ಮೇಲೆ ಓಡಾಡಿದ್ದಳು. ಅದರೊಳಗೆ ತಾವೇ ಮೇಲೆತ್ತಿ ಚೆಲ್ಲಿದ್ದ ನೀರಿನ ಜಾಗವಿತ್ತು, ಆ ಜಾಗಕ್ಕೆ ಈಗ ದಿನಕ್ಕೆ ಎರಡು ಸಲ ಗಾಳಿ ಹೋಗಿ ಬರುತ್ತಿತ್ತು. ಇಷ್ಟು ಕಾಲ ಅವಳಿಗೆ ಬತ್ತುವುದು ಎಂದರೆ ಮೋಟಾರು ಎತ್ತಿಸುವುದು ಎಂದಷ್ಟೇ ಇತ್ತು. ಅದಕ್ಕೆ ಇಷ್ಟು ದೊಡ್ಡ ಅಳತೆ ಇದೆ ಎಂದು ಗೊತ್ತಿರಲಿಲ್ಲ. ದುಃಖವಾಯಿತು ಎನ್ನುವುದಕ್ಕಿಂತ, ಆ ಟೊಳ್ಳಿನ ಅಂಚು ಎಲ್ಲಿದೆ ಎಂದು ತಿಳಿಯಬೇಕೆನ್ನಿಸಿತು.

ಆ ಪ್ರಶ್ನೆ ಚಿಕ್ಕಬೀರಪ್ಪನವರನ್ನೂ ಹಿಡಿದುಕೊಂಡಿತ್ತು. ಮೇ ತಿಂಗಳಿಡೀ ಅವರು ಟವೆಲಿನಲ್ಲಿ ಒಂದು ತೆಳು ಕವರು, ನಾಲ್ಕು ರಬ್ಬರು ಕಟ್ಟಿಕೊಂಡು ಸುತ್ತಲಿನ ಬತ್ತಿದ ಬೋರುಗಳನ್ನೆಲ್ಲ ಹುಡುಕಿಕೊಂಡು ಅಲೆದರು. ಕೆಲವು ಸುಮ್ಮನಿದ್ದವು, ಕೆಲವು ಉಸಿರಾಡಿದವು. ಎಲ್ಲೆಲ್ಲಿ ಬೋರಿನ ಮೇಲೆ ಗುಂಡಿ, ಶೆಡ್ಡು ಇತ್ತೋ ಅಲ್ಲೆಲ್ಲ ಮನೆಯವರನ್ನು ಕರೆದು ಮೇಣದಬತ್ತಿ ಇಳಿಸಿ ತೋರಿಸಿದರು. “ಸಂಜೆ ನೋಡ್ಬೇಡಿ, ಮಧ್ಯಾಹ್ನ ನೋಡಿ,” ಎಂದು ಹೇಳಿ ಬರುತ್ತಿದ್ದರು. ಒಂದು ಮನೆಯವರು ಅಂಥ ಗುಂಡಿಯಲ್ಲಿ ಆಲೂಗಡ್ಡೆ ಇಡುತ್ತಿದ್ದರು, ಅದನ್ನು ಅವತ್ತೇ ಖಾಲಿ ಮಾಡಿಸಿದರು.

ಆವಲಪ್ಪನ ದ್ರಾಕ್ಷಿ ತೋಟದಲ್ಲೂ ಒಂದು ಬತ್ತಿದ ಬೋರಿತ್ತು. ಇವರ ಬೋರು ಬಿಡುವಾಗಲೇ ಅದೂ ಬಿಡುತ್ತಿತ್ತು.

“ಎರಡಕ್ಕೂ ಒಳಗೆ ದಾರಿ ಇದೆಯೋ ಏನೋ,” ಎಂದರು ಚಿಕ್ಕಬೀರಪ್ಪ.

“ಹೊತ್ತು ಒಂದೇ ಅಂದ ಮಾತ್ರಕ್ಕೆ ದಾರಿ ಇದೆ ಅಂತಲ್ಲ ಚಿಕ್ಕಪ್ಪ. ಮೇಲಿನ ಗಾಳಿ ಎರಡಕ್ಕೂ ಒಂದೇ,” ಎಂದಳು ತಂಜೀಲಾ.

“ಹಂಗಾದ್ರೆ ಗೊತ್ತು ಮಾಡ್ಕೊಳ್ಳೋದು ಹೆಂಗೆ?”

ಅದಕ್ಕೆ ಉಪಾಯ ಹೇಳಿದವಳು ಶಶಿರೇಖಾ. ಬೆಳಿಗ್ಗೆ, ಬೋರು ಒಳಗೆ ಎಳೆಯುವ ಹೊತ್ತಿನಲ್ಲಿ, ತಮ್ಮ ಬೋರಿನ ಬಾಯಿಯ ಬಳಿ ಏಣಿ ಹಾಕಿ ಕೆಂಡದ ಮೇಲೆ ಸಾಂಬ್ರಾಣಿ ಹಾಕಿದರು. ಹೊಗೆ ಮೇಲೇಳದೆ ಎಳೆ ಎಳೆಯಾಗಿ ಜಾಲರಿಯೊಳಗೆ ನುಸುಳಿ ಹೋಯಿತು. ನೋಡಲು ಅದೇ ಒಂದು ಚೆಂದ. ಮಧ್ಯಾಹ್ನ ಎಲ್ಲರೂ ಆವಲಪ್ಪನ ಬೋರಿನ ಹತ್ತಿರ ಹೋಗಿ, ಬಾಯಿಗೆ ಮುಖ ಕೊಡದೆ, ಕವರಿನಲ್ಲಿ ಗಾಳಿ ಹಿಡಿದು ಒಂದಿಷ್ಟೇ ಮೂಗಿನ ಹತ್ತಿರ ತಂದು ಮೂಸಿದರು. ಬರಿ ಒದ್ದೆ ಕಲ್ಲಿನ ವಾಸನೆ. ಮಾರನೆಯ ದಿನವೂ ಅಷ್ಟೇ.

ಇನ್ನೊಂದು ಸಲ ಮಾಡುವಾಗ ಅಮ್ಮಯಮ್ಮನವರನ್ನು ಕರೆದುಕೊಂಡು ಹೋದರು. ಹುಳುವಿಗೆ ರೋಗ ಹತ್ತುವ ಮೊದಲೇ ಹುಳುಮನೆಯ ಬಾಗಿಲಲ್ಲಿ ನಿಂತು ವಾಸನೆಯಲ್ಲೇ ಪತ್ತೆ ಹಚ್ಚದೆ ಬಿಟ್ಟವರಲ್ಲ ಅವರು. ಕಣ್ಣು ಮುಚ್ಚಿ ಕವರನ್ನು ಮೂಸಿದರು.

“ಅತ್ತೆ, ಇದೆಯಾ?” ಎಂದಳು ಶಶಿರೇಖಾ.

“ಇದ್ದಂಗಿದೆ. ಎಲ್ಲೋ ದೂರದಲ್ಲಿ, ಬೇರೆಯವರ ಮನೇಲಿ ಪೂಜೆ ಆಗಿ ಬಹಳ ಹೊತ್ತಾದ ಮೇಲೆ ಬರುತ್ತಲ್ಲ, ಹಂಗೆ.”

ತಂಜೀಲಾ ಮೂಸಿದಳು, ತಲೆಯಾಡಿಸಿದಳು. ಆವಲಪ್ಪ ಮೂಸಿ, ಇದೆ ಎಂದ, ಮತ್ತೆ ಮೂಸಿ, ಇಲ್ಲ ಎಂದ. ಚಿಕ್ಕಬೀರಪ್ಪ ಕವರನ್ನು ಮತ್ತೆ ಪೈಪಿಗೆ ಕಟ್ಟಿ ಕೂತರು. ಶಶಿರೇಖಾ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಇದಕ್ಕಿಂತ ಗಾಢವಾದ ವಾಸನೆ ಯಾವುದಿರಬಹುದು ಎಂದು ಯೋಚಿಸತೊಡಗಿದಳು.